ಎಲ್ಲಾರೂ ಕೂಡೋ ಕೋಣಿ

ಇವತ್ತು ಮುಂಜಾನಿಯಿಂದ ಎದುರುಮನಿಯವರು ಗೇಟಿಗೆ ಎಣ್ಣಿಬಣ್ಣ ಹೊಡಸಾಕತ್ತಾರ. ಆ ವಾಸನಿ ರಸ್ತಾ ದಾಟಿ, ಕಿಡಕಿಯಿಂದ ಒಳಗ ಬಂದು, ನೆಟ್ಟಗ ನನ್ನ ಚಹಾದ ಕಪ್ಪಿನಾಗ ಕುಂತೈತಿ. ಬ್ಯಾರೆ ಮಂದಿಗೆ ಈ ವಾಸನಿಗೆ ತಲಿ ನೋಯ್ತೈತಂತ. ನನಗ ಹೊಟ್ಟಿ ಉರೀತೈತಿ. ನಗಬ್ಯಾಡ್ರಿ. ನೀವೂ ಯಾರದರ ಮನಿಗೆ ಹೋಗಿ, ಅವರ ಪಡದಾ ನೋಡಿ, ಬಾಯಿಲೆ ‘ಭಾಳ ಚಂದ ಐತ್ರಿ’ ಅಂತ ಹೇಳಿ, ದಾರ್ಯಾಗ ಬರೂಮುಂದ ಗಂಡನ ಮ್ಯಾಲೆ ಹರಿಹಾಯ್ದಿರ್ತೀರಿ. ಇಲ್ಲಂದ್ರ ಮುಂದ ಓದಬ್ಯಾಡ್ರಿ, ನಿಮಗ ಇದು ತಿಳಿಯೂದಿಲ್ಲ.

ನನ್ನ ಹೊಟ್ಟಿಉರಿಗೆ ಒಂದು ಹೆಸರೈತಿ. ಸಾವಿತ್ರಿ ಅಂತ. ನನ್ನ ನೆಗೆಣ್ಣಿ, ಅಂದ್ರ ಮೈದುನನ ಹೆಂಡ್ತಿ. ಇಂಡಿ ಕಡೆಯಾಕಿ. ನನ್ನ ತವರುಮನಿ ಸಿಂದಗಿ. ಇಬ್ಬರೂ ಬಂದು ಬಿದ್ದದ್ದು ಬಾಗೇವಾಡಿಯ ಒಂದು ಹಳೇ ಮನ್ಯಾಗ. ಕಲ್ಲು-ಮಣ್ಣಿನ ದಪ್ಪ ಗ್ವಾಡಿ, ಮ್ಯಾಲೆ ಮಣ್ಣಿನ ಮಾಳಗಿ, ನಡುವ ಪಡಸಾಲಿ. ಪಡಸಾಲಿಯ ಈ ಕಡೆ ನನ್ನ ಕೋಣಿ, ಆ ಕಡೆ ಆಕಿ ಕೋಣಿ. ಅಡಗಿ ಒಂದ, ಅತ್ತಿ-ಮಾವ ಇಬ್ಬರಿಗೂ ಸೇರಿದವರು, ಎಮ್ಮಿ ಯಾರಿಗೂ ಸೇರಲಾರದವು, ಆದ್ರ ಹಿಂಡೂದು ಸಾವಿತ್ರಿ. ನಾನು ಗೊಳಸಂಗಿ ಸಾಲ್ಯಾಗ ಮಾಸ್ತರಿಕಿ ಮಾಡ್ತಿದ್ದೆ. ನಸೀಕ್ಲೆ ಎದ್ದು ಕೂಡಿ ರೊಟ್ಟಿ ಬಡದು, ಹುಡುಗರ ಡಬ್ಬಿ ಕಟ್ಟಿ, ನಾನು ಬಸ್ಸಿಗೆ ಓಡಿದ್ರ ಹೊಳ್ಳಿ ಮನಿ ಕಾಣೂದು ಸಂಜಿಗೆ.

ಸಂಜಿಗೆ ಬಂದು ನೋಡಿದ್ರ ಆಕಿ ಕೋಣ್ಯಾಗ ಏನರ ಒಂದು ಹೊಸಾದು ಇರ್ತಿತ್ತು. ಹರಿದ ಇಳಕಲ್ ಸೀರಿಯ ಸೆರಗು ಕಿಡಕಿಗೆ ಪಡದಾ ಆಗಿರ್ತಿತ್ತು. ಹುಡುಗರು ಒಡದ ಬಳಿಚೂರು ಹಳೇ ಕನ್ನಡಿಯ ಸುತ್ತ ಹತ್ತಿ ಕುಂತಿರ್ತಿದ್ದವು. ಒಮ್ಮೆ ಮನಿಮಂದಿಯೆಲ್ಲ ಆಲಮಟ್ಟಿ ಡ್ಯಾಂ ನೋಡಾಕ ಹೋದಾಗ, ನಾವೆಲ್ಲ ನೀರು ನೋಡಿ ಬಂದ್ವಿ. ಆಕಿ ಅಲ್ಲಿ ತೋಟದಾಗಿಂದು ಒಂದು ಬಳ್ಳಿಯ ತುಂಡು ಮಾಲಿಯನ್ನ ಕೇಳಿ, ಬುತ್ತಿ ಡಬ್ಬ್ಯಾಗ ಇಟಗೊಂಡು ಬಂದ್ಲು. ಮೊಸರನ್ನದ ವಾಸನಿ ಕುಡುದ ಆ ಬಳ್ಳಿ, ನೋಡ್ರಿ, ತೊಲಿಗುಂಟ ಹಬ್ಬಿ ಕೋಣಿ ತುಂಬಾ ಹಸರ ಮಾಡಿತು. ನಾನು ಅದರದೇ ಒಂದು ತುಂಡು ಇಸಗೊಂಡು ನನ್ನ ಕೋಣ್ಯಾಗ ಹಚ್ಚಿದೆ. ಸತ್ತು ಹೋತು.

ಇಷ್ಟೆಲ್ಲ ಮಾಡಾಕ ಆಕಿಗೆ ಹೊತ್ತು ಎಲ್ಲಿಂದ ಸಿಗ್ತಿತ್ತು ಅಂತ ಕೇಳ್ತೀರಿ. ನಾನೂ ಅದನ್ನ ಕೇಳಕೋತಿದ್ದೆ. ರವಿವಾರ ಕದ್ದು ನೋಡಿದೆ. ಬ್ಯಾಳಿ ಕುದಿಯಾಕ ಇಟ್ಟು, ಹಿಟ್ಟಿನ ಕೈಲೇ ತನ್ನ ಕೋಣಿಯ ಬಾಗ್ಲಕ್ಕ ಬಂದು ನಿಂದರೂದು. ಕುತಗಿ ವಾರಿ ಮಾಡಿ ಪಡದಾ ನೋಡೂದು. ಒಳಗ ಹೋಗಿ ಅದರ ಒಂದು ಮಡಿಕಿ ಸರಿ ಮಾಡೂದು. ಮತ್ತ ಬಂದು ರೊಟ್ಟಿ ತಿರುವೂದು. ಆ ರೊಟ್ಟಿ ಒಂದಿನ ಸೀಯಲಿ ಅಂತ ನಾನು ಮನಸಿನ್ಯಾಗ ದೇವರನ್ನ ಬೇಡಿಕೊಂಡೇನಿ. ಸೀಯಲಿಲ್ಲ. ಬಾಯಾಗ ಸಣ್ಣಕ ಏನೋ ಹಾಡಕೋತ ಬ್ಯಾರೆ ಇರ್ತಿದ್ಲು.

ನಾನೇನು ಸುಮ್ಮ ಕುಂತಾಕಿ ಅಲ್ಲ. ಪಗಾರದಾಕಿ. ವಿಜಾಪುರದಿಂದ ಕಾಜಿನ ಕಪಾಟು ತರಿಸಿದೆ. ಅದರಾಗ ಪ್ಲಾಸ್ಟಿಕ್ ಗುಲಾಬಿ, ಕುತಗಿ ಅಲ್ಲಾಡಿಸೂ ಗೊಂಬಿ, ತಾಸಿಗೊಮ್ಮೆ ಕೂಗೂ ಹಕ್ಕಿಯ ಗಡಿಯಾರ. ಹಕ್ಕಿ ಕೂಗ್ತಿತ್ತು, ಕೇಳಾಕ ಯಾರೂ ಇರ್ತಿರಲಿಲ್ಲ. ಎಲ್ಲಾರೂ ಪಡಸಾಲಿ ಆ ಕಡೆ. ಮಾವನೋರು ಪೇಪರ್ ಓದೂದು ಅಲ್ಲಿ. ಅವರ ನೆವ ಹೇಳಿ ನನ್ನ ಗಂಡ ಚಹಾ ಕುಡಿಯೂದು ಅಲ್ಲಿ. ಓಣಿಯ ಹೆಣ್ಮಕ್ಕಳು ಅರಿಶಿಣ-ಕುಂಕುಮಕ್ಕ ಬಂದ್ರ ನನ್ನ ಬಾಗ್ಲ ಮುಂದ ಹಾದು ಅಲ್ಲಿಗೇ ಹೋಗಿ ಕೂಡೂದು. ಹೋಗ್ಲಿ ಬಿಡ್ರಿ, ಅವರು ಹೊರಗಿನವರು. ನನ್ನ ಮಗಳು ವಿದ್ಯಾ, ನಾನು ಹಡದಾಕಿ, ಅಭ್ಯಾಸ ಮಾಡೂದೂ ಕಾಕೂನ, ಅಂದ್ರ ಸಾವಿತ್ರಿ ಕೋಣ್ಯಾಗ. ಯಾಕವಾ ಅಂತ ಕೇಳಿದ್ರ, “ಅವ್ವಾ, ನಿನ್ನ ಕೋಣ್ಯಾಗ ಕುಂತ್ರ ಸಾಲ್ಯಾಗ ಕುಂತಂಗ ಆಗ್ತೈತಿ” ಅಂದ್ಲು. ಆ ಮಾತು ಇನ್ನೂ ಚುಚ್ಚತೈತಿ.

ನನಗ ಬೇಕಾಗಿದ್ದು ಭಾಳೇನಲ್ಲ. ಒಮ್ಮೆ, ಒಂದ ಒಮ್ಮೆ, ಮಂದಿ ತಾವಾಗೇ ನನ್ನ ಕೋಣಿಗೆ ಬಂದು ಕೂಡಬೇಕು, ಏಳಾಕ ಮನಸಾಗಬಾರದು. ಅಷ್ಟ.

ವಿದ್ಯಾಗ ತಾಳಿಕೋಟಿಯಿಂದ ಒಂದು ಸಂಬಂಧ ಬಂತು. ಛಲೋ ಮನಿತನ, ಹುಡುಗ ಕಾಲೇಜಿನ್ಯಾಗ ಕಲಿಸ್ತಿದ್ದ. ಶ್ರಾವಣದಾಗ ಹೆಣ್ಣು ನೋಡಾಕ ಬರ್ತೇವಿ ಅಂತ ಹೇಳಿ ಕಳಿಸಿದ್ರು. ನಮ್ಮತ್ತಿ ಎಲಿಯಡಿಕಿ ಹಾಕ್ಕೋತ, ಸಣ್ಣ ಸೊಸಿ ಕೋಣ್ಯಾಗ ಕೂಡಸೂಣು ಬಿಡು, ಅಲ್ಲಿ ಬಂದೋರಿಗೆ ಹಗುರ ಅನಸ್ತೈತಿ ಅಂದ್ರು. ಸಿಟ್ಟು ನನ್ನ ನೆತ್ತಿಗೇರಿತು. ನನ್ನ ಮಗಳನ್ನ ನನ್ನ ಕೋಣ್ಯಾಗ ನೋಡತಾರ, ಇದರ ಮುಂದ ಮಾತಿಲ್ಲ ಅಂದೆ. ಸಾವಿತ್ರಿ ಒಲಿ ಮುಂದಿಂದ, ಹೌದ್ರಿ ಅಕ್ಕಾರ, ಅದ ಬರೋಬರಿ ಅಂದ್ಲು. ಆಕಿ ಹಂಗ ಒಪ್ಪಿದ್ದು ನನಗ ಇನ್ನೂ ಸಿಟ್ಟು ತರಿಸಿತು.

ಮರುದಿನಾನ ಎಣ್ಣಿಬಣ್ಣ ತರಿಸಿದೆ. ಪಿಸ್ತಾ ಬಣ್ಣ, ಮುಟ್ಟಿದ್ರ ಕೈ ಜಾರಬೇಕು ಅಂಥಾ ಹೊಳಪಿಂದು. ಅತ್ತಿ ಬಾಗ್ಲದಾಗ ನಿಂತು ಒಂದ ಮಾತು ಅಂದ್ರು, “ಮಣ್ಣಿನ ಗ್ವಾಡಿ ಉಸಿರಾಡಬೇಕವಾ, ಅದಕ್ಕ ಸುಣ್ಣಾ ಸಾಕು.” ಸುಣ್ಣಾ! ಸಾವಿತ್ರಿ ಕೋಣಿಗೆ ಸುಣ್ಣಾ ಇತ್ತಲ್ಲ, ನನಗೂ ಅದ ಯಾಕ? ನಾಕೂ ಗ್ವಾಡಿಗೆ ಹೊಡಸಿದೆ. ರಾತ್ರಿ ದೀಪ ಹಚ್ಚಿದ್ರ ಗ್ವಾಡ್ಯಾಗ ನನ್ನ ಮಾರಿ ಕಾಣತಿತ್ತು. ವಿದ್ಯಾನೂ ಬಂದು ಕೈಯಾಡಿಸಿ ನೋಡಿ ಹ್ವಾದ್ಲು. ಖರೇ ಹೇಳತೇನಿ, ಆ ವಾರ ನನ್ನಷ್ಟು ಸುಖದಾಗ ಇದ್ದಾಕಿ ಬಾಗೇವಾಡ್ಯಾಗ ಯಾರೂ ಇರಲಿಲ್ಲ.

ಆಮ್ಯಾಲೆ ಜಡಿಮಳಿ ಹಿಡೀತು. ಮಾಳಗಿ ತೊಯ್ದು, ಆ ತಂಪು ಗ್ವಾಡಿಗೆ ಇಳೀತು. ಎಲ್ಲಾ ಮನ್ಯಾಗೂ ಇಳೀತೈತಿ, ಸುಣ್ಣದ ಗ್ವಾಡಿ ನಾಕ ದಿನಾ ಬಿಸಿಲು ಬಿದ್ರ ತಾನ ಒಣಗತೈತಿ. ನನ್ನ ಗ್ವಾಡಿಗೆ ಬಾಯಿ ಕಟ್ಟಿಟ್ಟಿದ್ನಲ್ಲಾ, ನೀರು ಎಲ್ಲಿ ಹೋಗಬೇಕು? ಬಣ್ಣ ಪೂರಿ ಉಬ್ಬಿದಂಗ ಉಬ್ಬಾಕ ಹತ್ತಿತು. ನಾನು ಪಿನ್ನಿಲೆ ಚುಚ್ಚಿದೆ. ನೀರು ಬಂತು. ಅಂಗೈಲೇ ಒತ್ತಿದ್ರ ಇನ್ನೊಂದು ಕಡೆ ಉಬ್ಬಿತು. ಸಾಲಿಯಿಂದ ನಕಾಶೆ ತಂದು ಉಬ್ಬಿದ ಕಡೆಯೆಲ್ಲ ಮೊಳಿ ಹೊಡದೆ. ಭಾರತದ ನಕಾಶೆ, ಜಿಲ್ಲಾದ ನಕಾಶೆ, ಮನಶ್ಯಾನ ಹೊಟ್ಟಿಯೊಳಗಿನ ಚಿತ್ರ. ಈಗಂತೂ ಅದು ಖರೇನ ಸಾಲಿ ಆಗಿತ್ತು.

ಬೀಗರು ಬಂದ್ರು. ನನ್ನ ಕೋಣ್ಯಾಗ ಕೂಡಸಿದೆ. ಹೊಸಾ ಪಡದಾ ತೊಯ್ಯಬಾರದಂತ ಕಿಡಕಿ ಹಾಕಿದ್ದೆ. ಬಣ್ಣದ ವಾಸನಿ, ಹಸಿ ಮಣ್ಣಿನ ವಾಸನಿ, ಮಂದಿಯ ಬಿಸಿ ಎಲ್ಲಾ ಕೂಡಿ ಒಳಗ ಒಲಿ ಹೊತ್ತಿಸಿದಂಗಾತು. ವಿದ್ಯಾ ಉಪ್ಪಿಟ್ಟಿನ ತಾಟು ಕೊಟ್ಟು ಕೆಳಗ ಕುಂತ್ಲು. ಹುಡುಗನ ತಾಯಿ ಒಂದು ತುತ್ತು ಬಾಯಿಗೆ ಒಯ್ಯೂದ್ರಾಗ, ಫ್ಯಾನಿನ ಗಾಳಿಗೆ ಪಿಸ್ತಾ ಬಣ್ಣದ ಹಪ್ಪಳ ಒಂದು ಗ್ವಾಡಿ ಬಿಟ್ಟು ಬಂದು ಅವರ ತಾಟಿನ್ಯಾಗ ಬಿತ್ತು. ಅವರು ದೊಡ್ಡ ಮನಸಿನವರು. ಅದನ್ನ ಎರಡು ಬೆರಳಿಲೆ ಎತ್ತಿ ವಾರಿಗಿಟ್ಟು, ಒಂದೀಟು ಗಾಳ್ಯಾಗ ಕೂಡೂಣೇನ್ರಿ ಅಂತ ಕೇಳಿದ್ರು. ಕೇಳೂದಷ್ಟ ತಡ, ಎಲ್ಲಾರೂ ಎದ್ರು. ಯಾರೂ ದಾರಿ ತೋರಸಲಿಲ್ಲ. ಅವರ ಕಾಲು ತಾವ ಪಡಸಾಲಿ ದಾಟಿ ಸಾವಿತ್ರಿ ಕೋಣಿಗೆ ಹ್ವಾದವು.

ನಾನು ತಾಟು ಗೋಳೆ ಮಾಡಿ ಎತ್ತಕೋತ ಈ ಕಡೆ ಉಳದೆ. ಆ ಕಡಿಂದ ನಗೂದು ಕೇಳತಿತ್ತು. ಬೀಗರು ಗ್ವಾಡಿಗೆ ಆತು ಕುಂತು ಕಾಲು ಚಾಚಿದ್ರಂತ. ಹುಡುಗನ ತಾಯಿ ಆ ಬಳ್ಳಿ, ಆ ಕನ್ನಡಿ, ಆ ಸೆರಗಿನ ಪಡದಾ ಎಲ್ಲಾ ನೋಡಿ ನಮ್ಮತ್ತಿಗೆ ಅಂದದ್ದು ನನ್ನ ಕಿವಿಗೂ ಬಿತ್ತು, “ಇಂಥಾ ಮನ್ಯಾಗ ಬೆಳದ ಹುಡುಗಿ ಅಂದಮ್ಯಾಲೆ ಇನ್ನೇನು ಕೇಳೂದೈತ್ರಿ?” ಲಗ್ನ ನಿಕ್ಕಿ ಆತು. ನನ್ನ ಕಣ್ಣಾಗ ನೀರು ಬಂತು. ಅತ್ತಿ, ಮಗಳ ಸುಖಕ್ಕ ಅಳತಾಳ ನೋಡ್ರಿ ಅಂತ ಮಂದಿಗೆ ತೋರಿಸಿದ್ರು. ಅಲ್ರಿ, ಉರಿಗೆ ಅಳತಿದ್ದೆ.

ವಿದ್ಯಾನ ಲಗ್ನ ಆದಮ್ಯಾಲೆ ನನಗ ಮುದ್ದೇಬಿಹಾಳಕ್ಕ ವರ್ಗ ಆತು. ಇಲ್ಲೇ ಜಾಗಾ ತಗೊಂಡು ಮನಿ ಕಟ್ಟಿಸಿದ್ವಿ. ಸಿಮೆಂಟಿನ ಗ್ವಾಡಿ, ಏನು ಬಣ್ಣಾ ಹೊಡದ್ರೂ ತಕರಾರಿಲ್ಲ. ಹಳೇ ಸೇಡೆಲ್ಲ ಈ ಹಾಲಿನ ಮ್ಯಾಲೆ ತೀರಿಸಿಕೊಂಡೆ. ಸೋಫಾ, ಎರಡು ಪದರಿನ ಪಡದಾ, ಸೀಲಿಂಗಿನ್ಯಾಗ ಬಚ್ಚಿಟ್ಟ ದೀಪ, ಮೂಲ್ಯಾಗ ಹಿತ್ತಾಳಿ ಕೊಡದ ಸಾಲು. ಓಣಿಯವರು ನೋಡಾಕ ಬರತಾರ, ಫೋಟೋ ಹೊಡಕೊಂಡು ಹೋಗತಾರ, ಯಾವ ಅಂಗಡ್ಯಾಗ ತಂದ್ರಿ ಅಂತ ಕೇಳತಾರ. ನಾನು ನಕ್ಕೋತ ಹೇಳತೇನಿ. ಒಳಗ ಮಾತ್ರ, ಇವರೆಲ್ಲಾ ನೋಡಿದ್ರ ಏನು ಬಂತು, ಆಕಿ ನೋಡಬೇಕು ಅಂತ ಇರತೈತಿ.

ಹ್ವಾದ ವಾರ ಆಕಿ ಬಂದ್ಲು. ತಾಳಿಕೋಟಿಗೆ ಹೋಗಿ ವಿದ್ಯಾನ ಕೂಸು ನೋಡಿ, ಹೊಳ್ಳಿ ಊರಿಗೆ ಹೋಗೂಮುಂದ ಇಲ್ಲಿ ಇಳದಿದ್ಲು. ನನಗಿಂತ ಮೊದಲ ಆಕೀನ್ನ ಕರಸಿಕೊಂಡಾಳ ನನ್ನ ಮಗಳು, ಅದು ಬ್ಯಾರೆ ಉರಿ, ಇರಲಿ. ಹಾಲಿನ ದೀಪ ಎಲ್ಲಾ ಹಚ್ಚಿದೆ, ಹಾಡಹಗಲಿಗೆ. ಸೋಫಾದ ತುದಿಗೆ ಕುಂತು ನೀರು ಕುಡುದ್ಲು. ಸುತ್ತ ಕಣ್ಣಾಡಿಸಿ, ಭಾಳ ಚಂದ ಐತ್ರಿ ಅಕ್ಕಾರ ಅಂದ್ಲು. ಇನ್ನೇನರ ಅಂತಾಳೇನು ಅಂತ ಕಾದೆ. “ನಿಮ್ಮ ಕೋಣಿ ಯಾವುದ್ರಿ?” ಅಂದ್ಲು.

ತೋರಿಸಾಕ ನಾಚಿಕಿ ಬಂತು. ಯಾರೂ ಹೋಗೂದಿಲ್ಲಂತ ಅದಕ್ಕೇನೂ ಮಾಡಿರಲಿಲ್ಲ. ಒಂದು ಮಂಚ, ಒಂದು ಟೇಬಲ್ಲು, ಹುಡುಗರ ಪೇಪರಿನ ಗಂಟು. ಸಾವಿತ್ರಿ ಒಳಗ ಹೋಗಿ, ಮಂಚ ಬಿಟ್ಟು ಬರೀ ನೆಲದ ಮ್ಯಾಲೆ, ಸೆರಗು ಸುರುಳಿ ಮಾಡಿ ತಲಿಬುಡಕ ಇಟಗೊಂಡು ಉದ್ದಕ ಮಲಗಿದ್ಲು. ಹಾಸಿಗಿ ಹಾಸ್ತೇನಿ ತಡಿ ಅಂದ್ರ ಬ್ಯಾಡಂತ ಕೈ ಅಲ್ಲಾಡಿಸಿದ್ಲು.

“ಹಳೇ ಮನ್ಯಾಗ ನೀವು ಸಾಲಿಗೆ ಹ್ವಾದಮ್ಯಾಲೆ ದಿನಾ ಮಧ್ಯಾಹ್ನ ನಿಮ್ಮ ಕೋಣ್ಯಾಗ ಹಿಂಗ ಬಂದು ಬೀಳತಿದ್ದೆರಿ ಅಕ್ಕಾರ. ನನ್ನ ಕೋಣ್ಯಾಗ ನನಗ ಕೂಡಾಕ ಎಲ್ಲಿ ಜಾಗಾ ಇತ್ತು? ಯಾರರ ಒಬ್ರು ಇದ್ದ ಇರತಿದ್ರು, ಅವರಿಗೆ ಚಹಾ, ಅವರಿಗೆ ನೀರು. ನಿಮ್ಮ ಕೋಣಿಗೆ ಯಾರೂ ಬರತಿರಲಿಲ್ಲ. ನಿಮ್ಮ ಪುಣ್ಯಾ ಎಂಥಾದು ಅಂತ ಹೊಟ್ಟಿಕಿಚ್ಚು ಪಡತಿದ್ದೆ.”

ಬೀಗರು ಬಂದ ದಿನಾನೂ, ಅವರು ಆಕಿ ಕೋಣ್ಯಾಗ ಕಾಲು ಚಾಚಿ ನಗೂಮುಂದ, ಆಕಿ ಅಡಗಿಮನ್ಯಾಗ ಹೊಗ್ಯಾಗ ಒಲಿ ಊದಕೋತ ಎರಡನೇ ಚಹಾ ಇಟ್ಟಿದ್ಲು. ನಾನು ಕಂಡೂ ಕಂಡಿರಲಿಲ್ಲ. ಮತ್ಯಾಕ ಅಷ್ಟು ಸಿಂಗಾರ ಮಾಡತಿದ್ದಿ ಮಾರಾಯ್ತಿ ಅಂತ ಕೇಳಿದೆ.

“ಮಾಡೂಮುಂದ ಭಾಳ ಛಲೋ ಅನಸ್ತಿತ್ರಿ. ಅಷ್ಟೊತ್ತು ನಂದು ಅನಸ್ತಿತ್ತು. ಮಾಡಿದಮ್ಯಾಲೆ ಮಂದಿದು ಆಗತಿತ್ತು” ಅಂದು ಕಣ್ಣು ಮುಚ್ಚಿದ್ಲು. ಮುಚ್ಚಿದ್ದ ತಡ, ಗೊರಕಿ.

ನಾನು ಬಾಗ್ಲದಾಗ ನಿಂತು ನೋಡಿದೆ. ಮರುಗಬೇಕಾಗಿತ್ತು, ಮರುಗಿದೆ, ಇಲ್ಲಂತಲ್ಲ. ಆದ್ರ ಅದಕ್ಕಿಂತ ಮೊದಲ ಬಂದದ್ದು ಬ್ಯಾರೆ. ಅಲ್ರಿ, ಅಷ್ಟು ವರ್ಷ ನಾನು ಆಕಿ ಕೋಣಿ ನೋಡಿ ಉರದೆ, ನನ್ನ ಕೋಣಿಯ ಸುಖಾನೂ ಆಕೀನ ಉಂಡಿದ್ಲಲ್ಲ! ಅದ ಕೋಣ್ಯಾಗ ನಾನು ಒಂದ ಮಧ್ಯಾಹ್ನರ ಸುಮ್ಮ ಮಲಗಿದ್ನೇನು? ರವಿವಾರ ಬಂದ್ರ ಕಪಾಟಿನ ಕಾಜು ಒರೆಸಿಕೋತ, ಆ ಕಡೆ ಯಾರು ಕುಂತಾರ ಅಂತ ಕಿವಿಗೊಟ್ಟು ನಿಂದರತಿದ್ದೆ.

ಇವತ್ತು ಊಟ ಆದಮ್ಯಾಲೆ ಮುಂಬಾಗ್ಲ ಹಾಕಿದೆ. ಸೋಫಾದ ದಿಂಬು ಒಂದು ವಾರಿಯಾಗಿತ್ತು, ಹಂಗ ಬಿಟ್ಟೆ. ನನ್ನ ಕೋಣ್ಯಾಗ ಬಂದು ಬರೀ ನೆಲದ ಮ್ಯಾಲೆ ಮಲಗಿದೆ. ಬೆನ್ನು ನೋಯ್ತು. ಆಕಿಗೆ ಅಷ್ಟು ಲಗೂನ ನಿದ್ದಿ ಹೆಂಗ ಬಂತು ಅಂತ ವಿಚಾರ ಮಾಡಕೋತ ಹೊಳ್ಯಾಡಿದೆ. ಮೆಲ್ಲಕ ನೆಲದ ತಂಪು ಮೈಗೆ ಏರಾಕ ಹತ್ತಿತು. ಅಷ್ಟರಾಗ ಯಾರೋ ಬಾಗ್ಲ ಬಡದು, “ಟೀಚರ್ ಅದೀರೇನ್ರಿ? ನಮ್ಮ ಬೀಗರಿಗೆ ನಿಮ್ಮ ಹಾಲ್ ತೋರಸಬೇಕಾಗಿತ್ರಿ” ಅಂದ್ರು. ಎದುರುಮನಿಯಾಕಿ ಧ್ವನಿ. ನಾಕೈದು ಮಂದಿ ಇರಬೇಕು, ಚಪ್ಪಲ್ಲಿನ ಸಪ್ಪಳ ಕೇಳತಿತ್ತು. ಮತ್ತ ಬಡದ್ರು. ನಾನು ಉಸಿರು ಬಿಗಿಹಿಡುದು, ಕಳ್ಳರಂಗ, ಅಲ್ಲಾಡದ ಮಲಗಿದೆ.