ಬಚ್ಚಲ ಮಗ್ಗುಲ ಪುದೀನ

ಸುರಪುರದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಅತ್ತೆ ಪುದೀನ ಬೆಳೆಸಿದ್ದರು. ಸಂತೆಯಿಂದ ತಂದ ಕಟ್ಟಿನ ಎಲೆ ಬಿಡಿಸಿಕೊಂಡು ಉಳಿದ ಕಡ್ಡಿಗಳನ್ನು ಕೆಸರಿಗೆ ಚುಚ್ಚಿದ್ದರಂತೆ, ಅಷ್ಟೇ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದು ಗೋಡೆಯುದ್ದಕ್ಕೂ ಹಬ್ಬಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಒದ್ದೆ ಗೋಣಿಚೀಲ ಕಟ್ಟುವುದು, ವಾರಕ್ಕೊಮ್ಮೆ ತುದಿ ಕೊಯ್ಯುವುದು ನನ್ನ ಪಾಲಿನ ಕೆಲಸ. "ಬೇರು ಅಲುಗಬಾರ್ದು, ಬರೇ ತುದಿ ಚಿವುಟು" ಎಂದು ಅತ್ತೆ ಪಕ್ಕದಲ್ಲೇ ನಿಂತು ಹೇಳುತ್ತಿದ್ದರು. ಮಾತು ಗಡುಸು. ಮೊದಲ ವರ್ಷವೆಲ್ಲ ಅವರಿಗೆ ಹೆದರಿಕೊಂಡೇ ಇದ್ದೆ.

ಗೋಡೆಯಾಚೆಯ ಮನೆಯವಳು ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಅವಳ ಗಂಡ ಹುಣಸಗಿ ದಾರಿಯಲ್ಲಿ ಟಂಟಂ ಆಟೊ ಓಡಿಸುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದವನು ಅವಳನ್ನು ಹೊಡೆಯುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಮೊದಲು ಪಾತ್ರೆ ಬೀಳುವ ಸದ್ದು, ಆಮೇಲೆ ಗೋಡೆಗೆ ತಲೆ ಬಡಿಯುವ ಸದ್ದು. ಅವಳು ಕೂಗುತ್ತಿರಲಿಲ್ಲ. ಅವನು ಹೋದ ಮೇಲೆ ನಮ್ಮ ಹಿತ್ತಲ ಬಾಗಿಲಿಗೆ ಬಂದು, "ಅಕ್ಕಾ, ಒಂದೀಟು ಪುದೀನ ಕೊಡ್ರಿ, ಚಟ್ನಿಗಿ" ಎನ್ನುತ್ತಿದ್ದಳು. ಅತ್ತೆ ಒಂದು ಹಿಡಿ ಕೊಯ್ದು, ಕಲ್ಲಿನ ಮೇಲೆ ಜಜ್ಜಿ, ಬಾತ ಕೆನ್ನೆಗೆ ಮೆತ್ತುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾವು ಏನೂ ಕೇಳುತ್ತಿರಲಿಲ್ಲ. ಕೇಳಬೇಕಿತ್ತು.

ಒಂದು ದಿನ ಅತ್ತೆ ಪುದೀನ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಚಟ್ನಿ ಅರೆಯುತ್ತಿದ್ದರು. ಅವಳು ಓಡಿಬಂದಳು. ಕಿವಿಯಿಂದ ರಕ್ತ ಸೋರುತ್ತಿತ್ತು. ಹಿಂದೆಯೇ ಅವನು ಬಂದ, ಕೈಯಲ್ಲಿ ಬೆಲ್ಟು.

"ದಿನಾ ಪುದೀನಕ್ಕ ಬರ್ತೀಯೇನ? ಇಲ್ಲಿ ಕುಂತು ನನ್ನ ಮಾನ ಕಳಿಯಾಕತ್ತೀಯೇನ?"

ಬಗ್ಗಿ ಪುದೀನವನ್ನು ಎರಡೂ ಕೈಯಲ್ಲಿ ಬೇರುಸಮೇತ ಕಿತ್ತು ಎಸೆದ. ಮತ್ತೆ ಕಿತ್ತ. ಕಿತ್ತ ಜಾಗಕ್ಕೆ ಅವಳ ಕೂದಲು ಹಿಡಿದೆಳೆದು ತಂದು ಮುಖವನ್ನು ಕೆಸರಿಗೆ ಒತ್ತಿದ. ಅವಳ ಕಾಲು ನೆಲಕ್ಕೆ ಬಡಿದುಕೊಳ್ಳುತ್ತಿತ್ತು.

"ಬಿಡಲೇ ಆಕಿನ್ನ!" ಅತ್ತೆ ಎದ್ದರು. ಅವನು ನೋಡದೆ ಮೊಣಕೈಯಿಂದ ತಳ್ಳಿದ. ಅತ್ತೆ ಬಿದ್ದರು. ಏಳುವಾಗ ಅವರ ಕೈಯಲ್ಲಿ ಚಟ್ನಿ ಅರೆಯುವ ಗುಂಡುಕಲ್ಲಿತ್ತು. ಅವಳ ತಲೆ ಒತ್ತಿ ಹಿಡಿದಿದ್ದ ಅವನ ಮಣಿಕಟ್ಟಿನ ಮೇಲೆ ಅದನ್ನು ಎತ್ತಿ ಹಾಕಿದರು. ಎಲುಬು ಮುರಿದದ್ದು ನನಗೆ ಕೇಳಿಸಿತು.

ಅವನು ಅರಚಿ ಮಗ್ಗುಲಾದ. ಅವಳು ಉಸಿರೆಳೆದುಕೊಂಡಳು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಬೆಲ್ಟು ನನ್ನ ಕಾಲ ಬಳಿ ಬಿದ್ದಿತ್ತು. ಎತ್ತಿಕೊಂಡೆ. ಬೆನ್ನಿಗೆ, ಭುಜಕ್ಕೆ, ಮುಖಕ್ಕೆ ಬೀಸಿದೆ. ಅವನು "ಬ್ಯಾಡ್ರೀ ಅಕ್ಕಾರ" ಎಂದ ಮೇಲೂ ಬೀಸಿದೆ. ಬೆಲ್ಟಿನ ಬಕಲು ತಾಗಿ ಅವನ ಹುಬ್ಬು ಸೀಳಿತು. ಅತ್ತೆಯೇ ನನ್ನ ರಟ್ಟೆ ಹಿಡಿದರು.

"ಸಾಕು. ಸತ್ತಗಿತ್ತ ಹೋದಾನ."

ಅವನು ದವಾಖಾನೆಯಲ್ಲಿ ಗಾಡಿಯಿಂದ ಬಿದ್ದೆನೆಂದು ಹೇಳಿದನಂತೆ. ಇಬ್ಬರು ಹೆಂಗಸರು ಹೊಡೆದರೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅತ್ತೆ ಕೆಸರು ತೊಳೆಯಲೂ ಬಿಡದೆ ಅವಳನ್ನು ಪೊಲೀಸ್ ಠಾಣೆಗೆ ಕರೆದೊಯ್ದು ಬೆನ್ನಿನ ಬಾಸುಂಡೆ ತೋರಿಸಿದರು. ಸಂಜೆ ಅವಳಣ್ಣ ಬಂದು ಅವಳನ್ನು ಹುಣಸಗಿಯ ತವರಿಗೆ ಕರೆದುಕೊಂಡು ಹೋದ. ಆಮೇಲೆ ಹಿರಿಯರು ರಾಜಿಗೆ ಕೂತರು. ಅವಳು ತಿರುಗಿ ಬರಲಿಲ್ಲ.

ಅವತ್ತೇ ರಾತ್ರಿ ನನ್ನ ಗಂಡ ಶಹಾಪುರದಿಂದ ಕೆಲಸ ಮುಗಿಸಿ ಬಂದು, "ಖರೇನ ನೀ ಹೊಡದ್ಯಾ?" ಎಂದು ಕೇಳಿದರು.

"ಹೌದ್ರಿ."

ಬೆಲ್ಟು ಬೀಸುವಾಗ ನನಗೆ ಹಿತವೆನಿಸಿತ್ತು, ಅದನ್ನು ಯಾರಿಗೆ ಹೇಳುವುದು? ಅವನು ಬೇಡಿಕೊಂಡಾಗ ಇನ್ನಷ್ಟು ಹಿತವೆನಿಸಿತ್ತು. ವಾರಗಟ್ಟಲೆ ನಾನು ಬಡಿದ ರೊಟ್ಟಿ ಹರಿಯುತ್ತಿದ್ದವು. ಅತ್ತೆ ಗಮನಿಸಿ, ರೊಟ್ಟಿ ಬಡಿಯುವ ಕೆಲಸ ತಾವೇ ತೆಗೆದುಕೊಂಡರು. ಮುರಿದ ಪುದೀನ ಕಡ್ಡಿಗಳನ್ನು ಮತ್ತೆ ಚುಚ್ಚಿದ್ದೂ ಅವರೇ. ಹದಿನೈದು ದಿನಕ್ಕೆ ಚಿಗುರಿತು. ಪುದೀನ ಚಟ್ನಿಯನ್ನು ನಾನು ಬಹಳ ದಿನ ತಟ್ಟೆಗೆ ಹಾಕಿಸಿಕೊಳ್ಳಲಿಲ್ಲ.

ಎರಡು ವರ್ಷದ ಮೇಲೆ ಹುಣಸಗಿ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಾಳೆ, ಮೈ ತುಂಬಿಕೊಂಡಿದ್ದಾಳೆ. ಒಂದು ಕಿವಿ ಮಾತ್ರ ಕೇಳುವುದಿಲ್ಲವಂತೆ. ನಾನು ಹಿಂಜರಿಯುತ್ತಲೇ, "ಅವತ್ತ ನಾ ಭಾಳ ಹೊಡದೆ ಅನಸ್ತದ" ಎಂದೆ.

ಅವಳು ಕೇಳುವ ಕಿವಿಯನ್ನು ನನ್ನತ್ತ ತಿರುಗಿಸಿ, ಮತ್ತೊಮ್ಮೆ ಹೇಳಿಸಿ, ನಕ್ಕಳು.

"ಅಕ್ಕಾ, ಬೆಲ್ಟು ನನ್ನ ಕೈಗಿ ಕೊಡ್ಬೇಕಿತ್ತು ನೀವು."