ಕಳುವಾದ ಚಿತ್ರಗಳ ಕಾವಲುಗಾರ

ಬಸವಕಲ್ಯಾಣದ ಸಣ್ಣ ಖಾಸಗಿ ಸಂಗ್ರಹಾಲಯದಿಂದ ಮೂರು ಹಳೆಯ ಚಿತ್ರಗಳು ಕಳುವಾದ ಮೇಲೆಯೇ ಅದರ ಕಾವಲುಗಾರ ಮಹಾರುದ್ರಪ್ಪನಿಗೆ ಎಲ್ಲಿಲ್ಲದ ಗತ್ತು ಬಂತು. ನಾಲ್ಕು ವರ್ಷವಾದರೂ ಕಳ್ಳರ ಸುಳಿವಿಲ್ಲ. ಇವನು ಮಾತ್ರ ವಾರಕ್ಕೊಮ್ಮೆ ಮೀಸೆ ತಿರುವಿಕೊಂಡು ಹುಮನಾಬಾದಿಗೆ ‘ತಪಾಸ’ಕ್ಕೆ ಹೋಗುತ್ತಾನೆ, ಎರಡು ಚಹಾ ಕುಡಿಯುತ್ತಾನೆ, ‘ಸುಳಿವು ಸಿಕ್ಕೇದ್ರಿ, ಈಗೇನೂ ಕೇಳಬ್ಯಾಡ್ರಿ’ ಎಂದು ಕೇಳದವರಿಗೂ ಹೇಳಿ ಬರುತ್ತಾನೆ. ಕಳೆದ ವಾರ ಅಲ್ಲಿನ ಫೋಟೊಗೆ ಕಟ್ಟು ಹಾಕುವ ಅಂಗಡಿಯ ಸೂರ್ಯಕಾಂತ, ‘ಚಿತ್ರದಾಗ ಏನಿತ್ತು ಹೇಳ್ರಿ, ಕಂಡ್ರ ತಿಳಸ್ತೀನಿ’ ಎಂದ. ಮಹಾರುದ್ರಪ್ಪ ಎರಡನೆಯ ಚಹಾ ಅರ್ಧಕ್ಕೇ ಬಿಟ್ಟು ಊರಿನ ಬಸ್ಸು ಹತ್ತಿದ. ಹದಿನೆಂಟು ವರ್ಷ ಅವನು ಕುರ್ಚಿ ಹಾಕಿಕೊಂಡು ಕೂತದ್ದು ಚಿತ್ರಗಳಿಗೆ ಬೆನ್ನು ಮಾಡಿ. ಮರುದಿನ, ಸಂಗ್ರಹಾಲಯದ ಕಸ ಗುಡಿಸುವ ಧೂಳಮ್ಮನ ಬಳಿ ಹೋಗಿ ಮೆಲ್ಲಗೆ ಕೇಳಿದ: ‘ಅಕ್ಕಾ, ಆ ಚಿತ್ರದಾಗ ಏನಿತ್ತು?’ ಧೂಳಮ್ಮ ಕಸಬರಿಗೆ ಕೆಳಗಿಟ್ಟಳು. ‘ನಡುವಿನದರಾಗ ಒಬ್ಬಾಕಿ ಕೂಸಿಗಿ ಕಾಡಿಗಿ ಹಚ್ಚಾಕತ್ತಿದ್ದಳೋ ತಮ್ಮಾ, ಕೂಸು ಮಾರಿ ತಿರುವಿತ್ತು.’ ಮಹಾರುದ್ರಪ್ಪ ಖಾಲಿ ಗೋಡೆಗೆ ಮುಖ ಮಾಡಿ ನಿಂತು, ‘ಮುಂದ ಹೇಳಕ್ಕಾ’ ಎಂದ.