ಗೌರಿಯ ಕಣ್ಣಿಗೆ ಪೆನ್ಸಿಲ್

ಕನ್ನಡಕ ಹಾಕಿಕೊಂಡರೆ ಪೆನ್ಸಿಲ್ ಕಣ್ಣಿನವರೆಗೆ ಹೋಗುವುದಿಲ್ಲ. ಕನ್ನಡಕ ತೆಗೆದರೆ ಕನ್ನಡಿಯಲ್ಲಿ ಕಣ್ಣೇ ಕಾಣುವುದಿಲ್ಲ. ಐವತ್ತು ದಾಟಿದ ಮೇಲೆ ಅಲಂಕಾರಕ್ಕೆ ಹೊರಟವಳಿಗೆ ದೇವರು ಇಟ್ಟ ಪರೀಕ್ಷೆ ಇದು. ನಾನು ಇದರಲ್ಲಿ ಫೇಲಾದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪೆನ್ಸಿಲ್ ತಂದುಕೊಟ್ಟವಳು ಎನ್.ಆರ್. ಪುರದಲ್ಲಿರುವ ನನ್ನ ತಂಗಿಯ ಮಗಳು ಸ್ಮಿತಾ. ಗೌರಿಹಬ್ಬಕ್ಕೆ ಎರಡು ದಿನವಿರುವಾಗ ಕೊಪ್ಪಕ್ಕೆ ಬಂದವಳು, "ದೊಡ್ಡಮ್ಮ, ಕಣ್ಣಿಗೆ ಗೆರೆ ಎಳ್ಕೊಳ್ಳೋ ಪೆನ್ಸಿಲ್ ಇದು. ಪೂರ್ತಿ ಆರ್ಗ್ಯಾನಿಕ್. ಅತ್ತರೂ ಹೋಗಲ್ಲ" ಎಂದು ಕೈಗಿಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಅಳುವವಳಿಗೆ ಕಣ್ಣಿನ ಕಪ್ಪು ಹೋಯಿತೋ ಉಳಿಯಿತೋ ಎಂಬ ಚಿಂತೆ ಇರುತ್ತದೆಯೇ ಎಂದು ಕೇಳಬೇಕೆಂದಿದ್ದೆ, ಬಸ್ಸು ಬಂದುಬಿಟ್ಟಿತು.

ಆರ್ಗ್ಯಾನಿಕ್ ಎಂಬ ಮಾತು ನಮ್ಮ ಕಡೆಗೆ ಬಂದದ್ದು ಗೊಬ್ಬರದ ಜೊತೆಗೆ. ಹಾಗಾಗಿ ನಮ್ಮ ಯಜಮಾನರು ಪೆನ್ಸಿಲನ್ನು ಮೂಸಿ ನೋಡಿ, "ಎರೆಹುಳು ಗೊಬ್ಬರದ್ದೇನೇ ಇದು? ರೆಪ್ಪೆ ಚೆನ್ನಾಗಿ ಚಿಗುರಬಹುದು" ಎಂದರು. ನಾನು ಭೂತಗನ್ನಡಿ ಹಿಡಿದು ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿದೆ. ಜೇನುಮೇಣ, ಬಾದಾಮಿ, ಕ್ಯಾಸ್ಟರ್ ಆಯಿಲ್. ಅಡುಗೆಮನೆಗೂ ಕಣ್ಣಿಗೂ ಇಷ್ಟು ಹತ್ತಿರದ ನೆಂಟಸ್ತನವೇ ಎಂದು ಆಶ್ಚರ್ಯವಾಯಿತು.

ಆಗಬಾರದಿತ್ತು. ನಮ್ಮ ಮನೆಯ ಕಾಡಿಗೆ ಹುಟ್ಟುತ್ತಿದ್ದುದೇ ಅಡುಗೆಮನೆಯಲ್ಲಿ. ಅತ್ತೆ ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ, ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ ಮೇಲೊಂದು ತಾಮ್ರದ ತಟ್ಟೆ ಕವುಚುತ್ತಿದ್ದರು. ತಟ್ಟೆಗೆ ಹತ್ತಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಿದರೆ ವರ್ಷಕ್ಕಾಗುವಷ್ಟು ಕಾಡಿಗೆ. ಮೊದಲ ಬೊಟ್ಟು ಗೌರಿಯ ಕಣ್ಣಿಗೆ, ಆಮೇಲೆ ನಮಗೆ, ಬೀದಿಯ ಎಳೆ ಮಕ್ಕಳಿಗೆ. ಅತ್ತೆಗೆ ಮಾತ್ರ ಇಲ್ಲ. ಮಾವ ಹೋದ ದಿನದಿಂದ, ಹನ್ನೊಂದು ವರ್ಷ, ತಾವೇ ಮಾಡಿದ ಕಾಡಿಗೆಯನ್ನು ಅವರು ಹಚ್ಚಿಕೊಂಡಿಲ್ಲ. ಬೇಡ ಎಂದು ಯಾರೂ ಹೇಳಿದ್ದಿಲ್ಲ, ಹಚ್ಚಿಕೊಳ್ಳಿ ಎಂದೂ ಯಾರೂ ಹೇಳಿದ್ದಿಲ್ಲ. ಆ ಯಾರೂಗಳಲ್ಲಿ ನಾನೂ ಒಬ್ಬಳು.

ಈ ವರ್ಷ ಅವರ ಕೈ ನಡುಗುತ್ತದೆಂದು ದೀಪದ ಹತ್ತಿರ ನಾನೇ ಬಿಡಲಿಲ್ಲ. ನಾನು ಮಾಡುತ್ತೇನೆ ಎಂದವಳು ಮಾಡಲೂ ಇಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಾಡಿಗೆ ಡಬ್ಬಿ ತೆರೆದರೆ ತಳ ಫಳಫಳ ಹೊಳೆಯುತ್ತಿತ್ತು.

ಪೆನ್ಸಿಲ್ ಇದೆಯಲ್ಲ! ಹೊಸ ಅಕ್ಕಿಯಾಗಲಿ, ಮೊದಲ ಸೌತೆಕಾಯಿಯಾಗಲಿ, ದೇವರಿಗೆ ತೋರಿಸದೆ ನಾವು ಮುಟ್ಟುವವರಲ್ಲ. ಪೆನ್ಸಿಲಿಗೂ ಅದೇ ನಿಯಮ ಎಂದುಕೊಂಡೆ. ಕಲಶಕ್ಕೆ ಕಟ್ಟುವ ಗೌರಿಯ ಬೆಳ್ಳಿಯ ಮುಖವನ್ನು ಮಣೆಯ ಮೇಲಿಟ್ಟು, ಮನಸ್ಸಿನಲ್ಲೇ ಕ್ಷಮೆ ಕೇಳಿ, ಗೆರೆ ಎಳೆದೆ. ಬಲಗಣ್ಣು ಲಕ್ಷಣವಾಗಿ ಬಂತು. ಎಡಗಣ್ಣಿನ ಕೊನೆಯಲ್ಲಿ ಕೈ ಜಾರಿ, ಗೆರೆ ಕಿವಿಯ ಕಡೆಗೆ ಏರಿಹೋಯಿತು. ಶಾಂತಳಾಗಿ ಕೂರಬೇಕಾದ ತಾಯಿ, ಪಕ್ಕದ ಮನೆಯಲ್ಲಿ ಏನೋ ಜಗಳ ಕೇಳಿಸಿದವಳಂತೆ ಕಾಣತೊಡಗಿದಳು.

ಒರೆಸಿದರೆ ಗೆರೆ ನೀರಿಗೆ ಹೋಗಲಿಲ್ಲ. ಹುಣಸೆಹಣ್ಣಿಗೆ ಹೋಗಲಿಲ್ಲ. ವಿಭೂತಿ ಹಾಕಿ ತಿಕ್ಕಿದರೆ ಕೆತ್ತನೆಯ ಸಂದಿಗೆಲ್ಲ ಇಳಿದು ಕೆನ್ನೆಗೂ ಹರಡಿತು. ಅದು ಅತ್ತೆ ಶೃಂಗೇರಿಯ ತವರಿನಿಂದ ಮದುವೆಯಲ್ಲಿ ತಂದ ಮುಖ. ಐವತ್ತೈದು ವರ್ಷ ಒಂದು ಗೀರು ಬೀಳದ ಹಾಗೆ ಇಟ್ಟುಕೊಂಡದ್ದು. ಮರುದಿನ ಬೆಳಿಗ್ಗೆ ಪೂಜೆ, ಬಾಗಿನಕ್ಕೆ ಬೀದಿಯ ಹೆಂಗಸರೆಲ್ಲ ಬರುವವರು. ಸ್ಮಿತಾಗೆ ಫೋನ್ ಮಾಡಿದೆ.

"ಅದನ್ನ ತೆಗೆಯೋಕೆ ಬೇರೆ ರಿಮೂವರ್ ಬರುತ್ತೆ ದೊಡ್ಡಮ್ಮ. ಶಿವಮೊಗ್ಗದಲ್ಲಿ ಸಿಗುತ್ತೆ."

ಹಚ್ಚಲು ಒಂದು, ತೆಗೆಯಲು ಇನ್ನೊಂದು! ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತೆ. ಕಣ್ಣು ಮಂಜಾಗಿದೆ ಎನ್ನುವವರಿಗೆ ಇಂಥದ್ದು ಮಾತ್ರ ಹೇಗೆ ಕಾಣುತ್ತದೋ!

"ಎಂತ ಮಾಡಿದ್ಯೇ ಮಾರಾಯ್ತಿ ನನ್ನ ಗೌರಿಗೆ?"

ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಮುಖವನ್ನು ಹತ್ತಿರಕ್ಕೆ ಹಿಡಿದು ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ನೀರು ಹಾಕಿ ಕಾಡಿಗೆ ತೆಗೀತಾರೇನೇ? ಹರಳೆಣ್ಣೆ ತಗೊಂಬಾ."

ಹಳೆಯ ಪಂಚೆಯ ಚೂರನ್ನು ಬೆರಳಿಗೆ ಸುತ್ತಿ ಎಣ್ಣೆಯಲ್ಲಿ ಅದ್ದಿ ಒರೆಸಿದರು. ಕಪ್ಪು ಬಟ್ಟೆಗೆ ಬಂತು, ಬೆಳ್ಳಿ ಬೆಳ್ಳಗಾಯಿತು. ಪೆನ್ಸಿಲ್ ಡಬ್ಬಿಯ ಮೇಲಿನ ಕ್ಯಾಸ್ಟರ್ ಆಯಿಲ್ ಎಂದರೆ ನಮ್ಮ ಹರಳೆಣ್ಣೆಯೇ ಎಂದು ಯಜಮಾನರು ಆಮೇಲೆ ಹೇಳಿದರು. ಶಿವಮೊಗ್ಗದವರೆಗೆ ಹೋಗಿ ತರಬೇಕಾದದ್ದನ್ನು ಗೌರಿತಾಯಿ ಅಡುಗೆಮನೆಯ ಗೂಡಿನಲ್ಲೇ ಇಟ್ಟಿದ್ದಳು.

ಅತ್ತೆ ಪೆನ್ಸಿಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ಇದು ಕಾಡಿಗೆಯೋ?"

"ಅಲ್ಲ ಅತ್ತೆ, ಪೆನ್ಸಿಲ್."

"ಪೆನ್ಸಿಲಿಗೆ ಶಾಸ್ತ್ರ ಎಂತ ಇಲ್ಲ, ಅಲ್ದ?"

ಹನ್ನೊಂದು ವರ್ಷ ಹೇಳದೇ ಇದ್ದದ್ದನ್ನು ಹೇಳಲು ಇಷ್ಟು ಸಣ್ಣ ಪ್ರಶ್ನೆ ಸಾಕಾಯಿತು. "ಎಂತ ಇಲ್ಲ ಅತ್ತೆ. ಹಚ್ಕೊಳ್ಳಿ" ಎಂದೆ.

ಮೊದಲು ಗೌರಿಗೆ ಎಳೆದರು. ಆಮೇಲೆ ತಮ್ಮ ರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು, ಕನ್ನಡಿಯಿಲ್ಲದೆ, ಕನ್ನಡಕವಿಲ್ಲದೆ, ನಡುಗುವ ಅದೇ ಕೈಯಲ್ಲಿ ಒಂದೇ ಗೆರೆ. ನೇರವಾಗಿತ್ತು. ನಾನು ಕನ್ನಡಿ ತರಲು ಎದ್ದರೆ ಬೇಡವೆಂದು ಕೈಯಾಡಿಸಿ, ಗೌರಿಯ ಹೊಳೆಯುವ ಹಣೆಯಲ್ಲೇ ತಮ್ಮನ್ನು ನೋಡಿಕೊಂಡರು.

ಮರುದಿನ ಬಾಗಿನಕ್ಕೆ ಬಂದ ಎದುರುಮನೆಯ ಶಾರದಕ್ಕ ಅತ್ತೆಯನ್ನು ದಿಟ್ಟಿಸಿ, "ಅಮ್ಮಾ, ಕಣ್ಣೆಷ್ಟು ಲಕಲಕ ಅಂತಿದೆ! ಆಪರೇಷನ್ ಆಯ್ತಾ?" ಎಂದರು.

"ಆಯ್ತು, ನಿನ್ನೆ" ಎಂದರು ಅತ್ತೆ. "ನಮ್ಮ ಸೊಸೆನೇ ಮಾಡಿಸಿದ್ಲು."

ಪೆನ್ಸಿಲ್ ಈಗ ದೇವರ ಗೂಡಿನಲ್ಲಿ, ಖಾಲಿ ಕಾಡಿಗೆ ಡಬ್ಬಿಯ ಪಕ್ಕದಲ್ಲಿದೆ. ಶುಕ್ರವಾರ ಶುಕ್ರವಾರ ಅದನ್ನು ಚೂಪು ಮಾಡಿಡುವ ಕೆಲಸ ನನ್ನದು. ನಾನಂತೂ ಹಚ್ಚಿಕೊಳ್ಳುವುದಿಲ್ಲ, ನನಗಿನ್ನೂ ಕನ್ನಡಕದ ಸಮಸ್ಯೆ ಬಗೆಹರಿದಿಲ್ಲ. ಗೌರಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಎರಡು ತಿಂಗಳಾಯಿತು. ಆದರೂ ಪೆನ್ಸಿಲ್ ವಾರದಿಂದ ವಾರಕ್ಕೆ ಗಿಡ್ಡವಾಗುತ್ತಿದೆ.